ಸಾಸಿವೆಯಷ್ಟು ತೂತು

ಮೂರಡಿ ಗಾಜಿನ ತೊಟ್ಟಿ.
ಕೆಳಗ ಕಬ್ಬಿಣದ ಸ್ಟ್ಯಾಂಡಿನ ಹೊಟ್ಟಿಯಾಗ
ಮೂರು ಕೋಣಿಯ ಫಿಲ್ಟರು:
ಸ್ಪಂಜಿಂದೊಂದು, ಮಣ್ಣುಂಡಿಗಳದೊಂದು, ಪಂಪಿಂದೊಂದು.
ನಾಲ್ಕನೆಯದು ಬೇಕು ಅಂದೆ.

"ಯಾರಿಗ್ರಿ, ಸಿಸ್ಟರ್?" ಅಂದ ಖುದ್ದೂಸ್ ಭಾಯ್
ಪಾನಾ ಭುಜಕ್ಕ ಏರಿಸಿ.
ಹುಲ್ಲಿಗೆ. ನೀರಚಿಗಟಕ್ಕ.
ಕಣ್ಣಿಗೆ ನಿಲುಕದ ಸೀಗಡಿ ಮರಿಗೆ.
ಹಡೆದ ತಾಯಿಯ ಬಾಯಿಂದ
ನಾನು ಸೌಟಿನಾಗ ಎತ್ತಿ ಉಳಿಸಿದ ಗಪ್ಪಿ ಕೂಸುಗಳಿಗೆ.
"ಅಂದ್ರ, ಮುಸಾಫಿರ್‌ಖಾನಾ."
ಅವತ್ತಿನಿಂದ ಅದಕ್ಕ ಅದೇ ಹೆಸರು.

ಗೋಡಿಗೆ, ತೊಟ್ಟಿಗಿಂತ ಒಂದು ಗೇಣು ಮ್ಯಾಲ ಕೂಡಿಸಿದ,
ಅಲ್ಲಿಂದ ಜೀವ ತಾನೇ ಜಾರಿ ಇಳಿದು ಬರಲಿ,
ಪಂಪಿನ ರೆಕ್ಕಿಗೆ ಸಿಗದಿರಲಿ ಅಂತ.
ಗಾಜು ಕೊರೆಯೋ ಹೊತ್ತಿಗೆ
ಡ್ರಿಲ್ಲಿನ ಬಾಯಿಗೆ ನೀರು ಬಿಟ್ಟವಳು ನಾನು,
ಹಳೆ ಸಲೈನ್ ನಳಿಗಿ ಹಿಡಿದು,
ನಿಮಿಷಕ್ಕ ಅರವತ್ತು ಹನಿ.
ಗಡಿಯಾರ ನೋಡಲಿಲ್ಲ. ಬೆರಳಿಗೆ ಗೊತ್ತದ.

ಮುಕ್ಕಾಲು ಇಂಚಿನ ಪೈಪು, ಎರಡು ಎಲ್ಬೋ,
ನಡುವ ಒಂದು ಟೀ, ಅದರ ಕುತ್ತಿಗಿಗೆ ವಾಲ್ವು.
ಅಂಟಿನ ವಾಸನಿ ಆರೋತನಕ ಒಂದು ದಿನ
ಚಿದ್ರಿ ರೋಡಿನ ನಮ್ಮ ಮನಿ ಪೂರಾ
ಹೊಸ ಆಸ್ಪತ್ರಿಯಂಗ ನಾರಿತು.

ಮರುದಿನ ವಾಲ್ವು ಪೂರ್ತಿ ತಿರುವಿಬಿಟ್ಟೆ.
ಹುಲ್ಲು ಅಡ್ಡಬಿತ್ತು. ನೀರಚಿಗಟ ಉರುಳಾಡಿದವು
ಗಾಳಿಗೆ ಸಿಕ್ಕ ರವೆಯಂಗ.
"ನೀರಿಗೆ ಅವಸರ ಕೊಡಬ್ಯಾಡ್ರಿ,
ಇಳಿಜಾರು ಕೊಡ್ರಿ," ಅಂದ ಅವ.
ಅವನ ಮುತ್ತ್ಯಾ ನೌಬಾದಿನ ಸುರಂಗ ಬಾವಿಗೆ ಇಳಿದು
ಬುಟ್ಟಿ ಬುಟ್ಟಿ ಹೂಳು ಹೊತ್ತವನಂತ.
ಕೆಂಪು ಕಲ್ಲಿನ ಹೊಟ್ಟಿಯಾಗ ನೀರು
ನಡಕೋತ ಹೋಗತದಂತ, ಓಡೂದಿಲ್ಲಂತ.
ನಂದು ಮೂರಡಿ ತೊಟ್ಟಿ ಮಾರಾಯಾ, ಅಂತ ನಕ್ಕೆ.
ವಾಲ್ವು ಮಾತ್ರ ಕಾಲು ಸುತ್ತಿಗೆ ತಂದೆ.

ಆಮ್ಯಾಲ ಒಂದು ರಾತ್ರಿ ಕರೆಂಟು ಹೋಯಿತು.
ನನ್ನ ವಾರ್ಡಿನಾಗ ಎಳೆಕೂಸುಗಳ ಗಾಜಿನ ಪೆಟ್ಟಿಗಿಗೆ
ಹನ್ನೊಂದು ಎಣಿಸೋದರಾಗ ಜನರೇಟರು ಬಂತು.
ಮನಿಯಾಗ ಎಣಿಸಾಕ ಯಾರೂ ಇರಲಿಲ್ಲ.

ಮುಂಜಾನೆ ಮೆಟ್ಟಲ ಮ್ಯಾಲ ಕೆಳಮನಿ ಗುರಮ್ಮ,
ಕೈಯಾಗ ಬಕೀಟು:
"ನಿಮ್ಮ ಸಮುದ್ರ ನಮ್ಮ ಅಡಗಿಮನಿಗೆ ಬಂದದ."
ಪಂಪು ನಿಂತಿತ್ತು. ಏರಿದ ನೀರು ಏರಿದ ಪೈಪಿನಾಗೇ
ಹಿಂದಕ್ಕ ಜಗ್ಗಿ ಇಳಿದಿತ್ತು, ಫಿಲ್ಟರು ತುಂಬಿ, ನೆಲ ತುಂಬಿ.
ತೊಟ್ಟಿಯಾಗ ಉಳಿದದ್ದು ನಾಲ್ಕು ಬೆರಳು.
ಮೀನು ಓರೆ ಮಲಗಿ ಬಾಯಿ ತೆರೀತಿದ್ದವು.
ಮ್ಯಾಲ ಮುಸಾಫಿರ್‌ಖಾನಾ ತುಂಬಿದಂಗೇ ತುಂಬಿತ್ತು,
ಏನೂ ಆಗಿಲ್ಲಂಬಂಗ.

ತಪ್ಪು ನಂದೇ.
ಹಗಲು ಮಲಗೋ ನನ್ನ ಕಿವಿಗೆ ಸಪ್ಪಳ ಬ್ಯಾಡಂತ
ಪೈಪಿನ ಬಾಯಿ ನೀರಾಗ ಆಳಕ್ಕ ಒತ್ತಿಟ್ಟಿದ್ದೆ.
ಖುದ್ದೂಸ್ ಭಾಯ್ ಬೈಯಲಿಲ್ಲ. ಕುಂತು ನೋಡಿದ.
ನೀರಿನ ಗೆರಿಗಿಂತ ಒಂಚೂರು ಕೆಳಗ, ಪೈಪಿಗೆ,
ಸಾಸಿವೆಯಷ್ಟು ತೂತು ಕೊರೆದ.
"ಮಟ್ಟ ಇಳದ್ರ ಇದು ಗಾಳಿ ಕುಡೀತದ.
ಗಾಳಿ ಕುಡದ ಪೈಪು ಜಗ್ಗೂದು ಬಿಡತದ."

ಸುರಂಗ ಬಾವಿಗೆ ಅಲ್ಲಲ್ಲಿ ಬಾಯಿ ಇಟ್ಟದ್ದೂ
ಇದಕ್ಕೇ ಏನು, ಕೇಳಿದೆ.
"ಇಲ್ಲ," ಅಂದ, ಪಾನಾ ಒರೆಸಿಕೋತ.
"ಅದು ಒಳಗ ಇಳಿದವರ ಉಸಿರಿಗೆ."

ಈಗ ಡ್ಯೂಟಿಗೆ ಹೊರಡುವಾಗ
ತೊಟ್ಟಿಯ ದೀಪ ಆರಿಸಿ, ಮ್ಯಾಲಿನದು ಹಚ್ಚತೀನಿ.
ರಾತ್ರಿ ಪೂರಾ ಅಲ್ಲಿ ಹುಲ್ಲಿಗೆ ಹಗಲು.
ಸೀಗಡಿ ಮರಿ ಒಂದೊಂದು ಜಾರಿ ಕೆಳಗ ಬರತಾವ.
ಕೆಲವನ್ನ ಗಪ್ಪಿ ತಿಂತಾವ. ಕೆಲವು ಕಲ್ಲಿನ ಸಂದಿ ಹಿಡಿತಾವ.
ನಾನು ಲೆಕ್ಕ ಇಡೂದಿಲ್ಲ, ಲೆಕ್ಕ ವಾರ್ಡಿನಾಗ ಸಾಕಷ್ಟದ.

ಆ ತೂತಿಗೆ ಪಾಚಿ ಬೇಗ ಕಟ್ಟತದ.
ಐತವಾರ, ನಿದ್ದಿಗೆ ಮೊದಲು,
ಸ್ಟೂಲು ಹತ್ತಿ, ತೋಳು ಏರಿಸಿ,
ಇಪ್ಪತ್ನಾಲ್ಕು ನಂಬರಿನ ಸೂಜಿಲೆ
ಅದನ್ನ ಬಿಡಿಸತೀನಿ.